ಮೂರು ಗೆರೆಯ ಹಿಂದೆ ಅಡಗಿದ ದಾರಿ

ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಹೊರಗಿನವರು ಬಲ್ಲದ್ದು ಕಾವೇರಿ ದಡದ ರಾಮೇಶ್ವರ ದೇವಸ್ಥಾನದಿಂದ, ಸುಬ್ರಹ್ಮಣ್ಯನ ತೇರಿನಿಂದ. ಸುತ್ತಲ ಹಳ್ಳಿಗಳ ರೈತರಿಗೆ ಅದು ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಊರು, ಹೋಬಳಿ ಕೇಂದ್ರ, ಕಾಗದಪತ್ರದ ಊರು. ಬೆಳೆಸಾಲಕ್ಕೆ, ವಿಮೆಗೆ, ಅಣ್ಣತಮ್ಮಂದಿರ ಪಾಲಿಗೆ ಮೊದಲು ಬೇಕಾಗುವುದು ಪಹಣಿ. ಈ ಶತಮಾನದ ಆರಂಭದಲ್ಲೇ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಾಚೆ ಕೂತ ನೌಕರರು ಊರು ಯಾವುದು, ಸರ್ವೆ ನಂಬರ್ ಎಷ್ಟು ಎಂದು ಕೇಳಿ ಪ್ರಿಂಟ್ ತೆಗೆದುಕೊಡುತ್ತಿದ್ದರು. ಈಗ ಅದೇ ಪಹಣಿಯನ್ನು ಅಂಗೈಯಲ್ಲಿನ ಫೋನಿನಲ್ಲಿ ನೋಡಬಹುದು. ಕೇಳುವ ಕೆಲಸ ಮೆನುವಿನ ಪಾಲಿಗೆ ಬಂದಿದೆ. ಮೆನು ಎಂದರೆ ಪುಟದ ಅಂಚಿನ ಅಲಂಕಾರ ಎಂದುಕೊಂಡವರು ಬಹಳ. ನಿಜಕ್ಕೂ ಅದೊಂದು ಪುಟ್ಟ ಯಂತ್ರ: ಬೆರಳಿನ ಒತ್ತನ್ನು ತೆಗೆದುಕೊಂಡು ಸಾವಿರಾರು ಸಾಧ್ಯತೆಗಳನ್ನು ಹಂತಹಂತವಾಗಿ ಒಂದಕ್ಕೆ ಇಳಿಸುತ್ತದೆ. ಈ ಯಂತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಎಷ್ಟು ಸಲ ಒತ್ತಬೇಕಾಯಿತು ಎಂದು ಎಣಿಸುವ ರೂಢಿಯಿದೆ. ಆ ಎಣಿಕೆ ದಾರಿ ತಪ್ಪಿಸುತ್ತದೆ. ನೋಡಬೇಕಾದ್ದು ಪ್ರತಿ ಒತ್ತಿಗೂ ಮುನ್ನ ಒತ್ತುವವರ ಮನಸ್ಸಿನಲ್ಲಿ ಎಷ್ಟು ಅನುಮಾನ ಉಳಿದಿತ್ತು ಎಂಬುದನ್ನು.

ಪಹಣಿ ನೋಡುವ ಹಾದಿಯನ್ನೇ ತೆಗೆದುಕೊಳ್ಳಿ. 31 ಜಿಲ್ಲೆಗಳಲ್ಲಿ ಹಾಸನ, ಅದರ 8 ತಾಲ್ಲೂಕುಗಳಲ್ಲಿ ಅರಕಲಗೂಡು, ಅಲ್ಲಿಂದ ರಾಮನಾಥಪುರ ಹೋಬಳಿ, ಆಮೇಲೆ ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ, ಅವಧಿ, ವರ್ಷ. ಒಂಬತ್ತು ಮೆಟ್ಟಿಲು. ಮೂರು ಒತ್ತಿನೊಳಗೆ ಬೇಕಾದ್ದು ಸಿಗದಿದ್ದರೆ ಬಳಕೆದಾರ ಎದ್ದು ಹೋಗುತ್ತಾನೆ ಎಂಬ ಹಳೆಯ ಸೂತ್ರ ನಿಜವಾಗಿದ್ದರೆ, ಈ ಪುಟದಲ್ಲಿ ಯಾರೂ ತಮ್ಮ ಪಹಣಿಯನ್ನು ಕಾಣಬಾರದಿತ್ತು. ಆ ಸೂತ್ರವನ್ನು 2003ರಲ್ಲಿ ಜೋಶುವಾ ಪೋರ್ಟರ್ ಪರೀಕ್ಷೆಗೆ ಒಡ್ಡಿದಾಗ, ಮೂರನೇ ಒತ್ತಿನ ನಂತರ ಜನ ಹೆಚ್ಚಾಗಿ ಬಿಟ್ಟುಹೋಗುತ್ತಾರೆ ಎಂಬುದಕ್ಕೆ ಆಧಾರವೇ ಸಿಗಲಿಲ್ಲ. ಇನ್ನೊಂದು ತುದಿಯಲ್ಲಿ, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸುರಿಯೋಣವೆಂದರೆ ಅದೂ ಆಗದು. 2011ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಗ್ರಾಮಗಳು 29 ಸಾವಿರಕ್ಕೂ ಹೆಚ್ಚು. 1981ರಲ್ಲಿ ಡ್ವೈಟ್ ಮಿಲ್ಲರ್ 64 ಆಯ್ಕೆಗಳನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದರು: ಒಂದೇ ಪಟ್ಟಿಯಾಗಿ, ಎಂಟೆಂಟರ ಎರಡು ಹಂತವಾಗಿ, ನಾಲ್ಕರ ಮೂರು ಹಂತವಾಗಿ, ಎರಡರ ಆರು ಹಂತವಾಗಿ. ಗೆದ್ದದ್ದು ಎಂಟೆಂಟರ ಜೋಡಣೆ. ಅತಿ ಅಗಲವೂ ಸಲ್ಲದು, ಅತಿ ಆಳವೂ ಸಲ್ಲದು ಎಂದು ಇದರ ಪಾಠವನ್ನು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ.

ಬ್ರಿಟಿಷ್ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲಿ, ಹೊತ್ತಿಕೊಂಡ ದೀಪಕ್ಕೆ ತಕ್ಕ ಕೀಲಿ ಒತ್ತುವ ಪ್ರಯೋಗದಿಂದ ಒಂದು ನಿಯಮ ಕಂಡುಕೊಂಡರು. ಆಯ್ಕೆಗಳು ಎರಡರಿಂದ ನಾಲ್ಕಾದಾಗ, ನಾಲ್ಕರಿಂದ ಎಂಟಾದಾಗ ತೀರ್ಮಾನಕ್ಕೆ ಬೇಕಾದ ಸಮಯ ಇಮ್ಮಡಿಯಾಗುವುದಿಲ್ಲ; ಪ್ರತಿ ಸಲವೂ ಒಂದೇ ಅಳತೆಯಷ್ಟು ಕೂಡಿಕೊಳ್ಳುತ್ತದೆ. ಆದರೆ ಮೆನುವಿನಲ್ಲಿ ಈ ರಿಯಾಯಿತಿ ಸಿಗುವುದು ಪಟ್ಟಿಯ ಕ್ರಮ ಮೊದಲೇ ಗೊತ್ತಿದ್ದವರಿಗೆ. ಗೊತ್ತಿಲ್ಲದವರು ಮೇಲಿನಿಂದ ಕೆಳಗೆ ಒಂದೊಂದನ್ನೂ ಓದುತ್ತಾ ಬರಬೇಕು, ಪಟ್ಟಿ ಇಮ್ಮಡಿಯಾದರೆ ಸಮಯವೂ ಇಮ್ಮಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮದ ಸರಣಿ ರೈತರ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದೆ, ವಿಳಾಸ ಬರೆಯುವುದೇ ಹಾಗೆ. ಅಲ್ಲಿ ಅವರು ತಡವರಿಸುವುದಿಲ್ಲ. ಗ್ರಾಮಗಳ ಪಟ್ಟಿ ಕನ್ನಡದ ಅಕ್ಷರಕ್ರಮದಲ್ಲಿದ್ದರೆ ಕಣ್ಣು ನೇರ ತನ್ನೂರಿಗೆ ಇಳಿಯುತ್ತದೆ. ತೋರಿಸುವುದು ಕನ್ನಡದಲ್ಲಿ, ಜೋಡಿಸಿರುವುದು ಇಂಗ್ಲಿಷ್ ಕಾಗುಣಿತದ ಕ್ರಮದಲ್ಲಿ ಎಂದಾದರೆ ಮತ್ತೆ ಹುಡುಕಾಟ. ಇನ್ನು ಸರ್ನಾಕ್ ಎದುರಾದಾಗ, ಸರ್ವೆ ಇಲಾಖೆಯ ಆಚೆ ಯಾರೂ ಆಡದ ಆ ಪದದ ಮುಂದೆ, ಕೈ ನಿಲ್ಲುತ್ತದೆ. ಕಾವೇರಿಗೆ ಇಳಿಯುವ ಸೋಪಾನದಲ್ಲೂ ಹೀಗೆಯೇ: ಕಣ್ಣಿಗೆ ಕಾಣುವ ಇಪ್ಪತ್ತು ಮೆಟ್ಟಿಲು ಯಾರನ್ನೂ ಹೆದರಿಸವು, ನೀರೊಳಗೆ ಮುಳುಗಿದ ಒಂದೇ ಮೆಟ್ಟಿಲು ಸಾಕು ಕಾಲು ಹಿಂಜರಿಯಲು.

ಹೀಗೆ ಮುಳುಗಿಸಿಟ್ಟ ಮೆಟ್ಟಿಲುಗಳಲ್ಲಿ ಅತಿ ಪ್ರಸಿದ್ಧವಾದದ್ದು ಪುಟದ ಮೇಲ್ಮೂಲೆಯ ಮೂರು ಅಡ್ಡ ಗೆರೆಗಳು. ಅದನ್ನು ರೂಪಿಸಿದ್ದು ನಾರ್ಮ್ ಕಾಕ್ಸ್, 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ; ಪಟ್ಟಿ ಇಲ್ಲಿದೆ ಎನ್ನುವ ಸಂಕೇತವಾಗಿ. ಬಹುಕಾಲ ಮರೆಯಲ್ಲಿದ್ದ ಅದು ಸ್ಮಾರ್ಟ್‌ಫೋನ್ ಬಂದ ಮೇಲೆ ಎಲ್ಲೆಡೆ ಹಬ್ಬಿತು. ಪರದೆ ಚಿಕ್ಕದು, ಮೆನು ದೊಡ್ಡದು, ಮಡಚಿ ಒಳಗಿಡೋಣ ಎಂಬ ಆಲೋಚನೆ ಮೇಲ್ನೋಟಕ್ಕೆ ಜಾಣತನದ್ದೇ. 2016ರಲ್ಲಿ ನೀಲ್ಸನ್ ನಾರ್ಮನ್ ಸಂಸ್ಥೆ 179 ಜನರನ್ನು ಕೂರಿಸಿ ಆರು ಜಾಲತಾಣಗಳಲ್ಲಿ ಪರೀಕ್ಷಿಸಿದಾಗ ಅದರ ಬೆಲೆ ತಿಳಿಯಿತು. ಫೋನಿನಲ್ಲಿ ಮೆನುವನ್ನು ಪೂರ್ತಿ ಅಡಗಿಸಿದ್ದಾಗ ಶೇ 57ರಷ್ಟು ಸಂದರ್ಭಗಳಲ್ಲಿ ಮಾತ್ರ ಅದನ್ನು ಬಳಸಲಾಯಿತು; ಮುಖ್ಯವಾದ ಕೆಲವನ್ನು ಹೊರಗೆ ತೋರಿಸಿ ಉಳಿದದ್ದನ್ನು ಒಳಗಿಟ್ಟಾಗ ಅದು ಶೇ 86ಕ್ಕೆ ಏರಿತು. ಕಾರಣ ಸರಳ. ತೆರೆದ ಮೆನುವಿನ ಎದುರು ಒಂದೇ ಪ್ರಶ್ನೆ, ಇದರಲ್ಲಿ ನನಗೆ ಬೇಕಾದ್ದು ಯಾವುದು ಎಂದು. ಮುಚ್ಚಿದ ಮೆನುವಿನ ಎದುರು ಅದಕ್ಕೂ ಮೊದಲು ಇನ್ನೆರಡು: ಇಲ್ಲಿ ಏನಾದರೂ ಇದೆಯೇ, ಇದ್ದರೆ ನನಗೆ ಬೇಕಾದ್ದೂ ಅಲ್ಲಿರಬಹುದೇ. ಒಂದೇ ಒಂದು ಒತ್ತು ಹೆಚ್ಚಾಯಿತು ಎಂದು ಲೆಕ್ಕ ಬರೆಯುವವರಿಗೆ ಈ ಎರಡು ಪ್ರಶ್ನೆಗಳು ಕಾಣುವುದೇ ಇಲ್ಲ.

ಅನುಮಾನಕ್ಕೆ ಮೈಯ ಭಾಗವೂ ಇದೆ. 2013ರಲ್ಲಿ ಸ್ಟೀವನ್ ಹೂಬರ್ ರಸ್ತೆ, ನಿಲ್ದಾಣಗಳಲ್ಲಿ ಫೋನ್ ಹಿಡಿದ 1,333 ಜನರನ್ನು ಗಮನಿಸಿ, ಪರದೆ ಮುಟ್ಟುತ್ತಿದ್ದವರಲ್ಲಿ ಶೇ 49ರಷ್ಟು ಜನ ಒಂದೇ ಕೈಯಲ್ಲಿ ಹಿಡಿದು ಬಳಸುತ್ತಿದ್ದರು ಎಂದು ದಾಖಲಿಸಿದರು. ಒಂಟಿ ಕೈಯಲ್ಲಿ ಹೆಬ್ಬೆರಳಿಗೆ ಸಲೀಸಾಗಿ ನಿಲುಕುವುದು ಪರದೆಯ ಕೆಳಭಾಗ ಮತ್ತು ನಡುಭಾಗ. 2007ರ ಮೊದಲ ಐಫೋನಿನ ಪರದೆ ಮೂರೂವರೆ ಇಂಚಿತ್ತು. ಇಂದು ಆರು ಇಂಚು ದಾಟಿದ್ದೇ ಸಾಮಾನ್ಯ. ಮೂರು ಗೆರೆ ಮಾತ್ರ ಇನ್ನೂ ಮೇಲ್ಮೂಲೆಯಲ್ಲೇ ಕೂತಿದೆ. ಗುರಿ ದೂರವಾದಷ್ಟೂ, ಚಿಕ್ಕದಾದಷ್ಟೂ ಮುಟ್ಟಲು ಹೆಚ್ಚು ಹೊತ್ತು ಬೇಕೆಂದು ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಹೆಬ್ಬೆರಳಿಗೆ ಗುಂಡಿಯ ಅಗಲ ಸುಮಾರು 9.2 ಮಿಲಿಮೀಟರ್ ಇರಬೇಕೆಂದು 2006ರ ಒಂದು ಅಧ್ಯಯನ ಕಂಡುಕೊಂಡಿತು. ಕನ್ನಡದ ಮೆನುವಿಗೆ ಇದರ ಮೇಲೆ ಇನ್ನೊಂದು ತೊಡಕು. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆಂದು ಕೊಯ್ದ ಪಟ್ಟಿಯಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ, ಉದ್ದನೆಯ ಪದ ಎರಡು ಸಾಲಿಗೆ ಮುರಿಯುತ್ತದೆ. ಅಕ್ಷರದ ಗಾತ್ರ ಇಳಿಸುವುದು ಇದಕ್ಕೆ ಸಾಮಾನ್ಯವಾಗಿ ಕಂಡುಕೊಳ್ಳುವ ಪರಿಹಾರ. ಅದಕ್ಕಿಂತ ಕೆಟ್ಟ ಪರಿಹಾರ ಇನ್ನೊಂದಿಲ್ಲ.

ಮೂರು ಗೆರೆ ಈಗ ಎಲ್ಲರಿಗೂ ಗೊತ್ತು, 2016ರ ಅಂಕಿ ಹಳೆಯದಾಯಿತು ಎನ್ನುವವರಿದ್ದಾರೆ. ಗುರುತು ಪರಿಚಿತವಾದದ್ದು ನಿಜ, ಒಳಗಿನದು ಪರಿಚಿತವಾಗಿಲ್ಲವಲ್ಲ. ಗೆರೆ ಕಂಡ ಮಾತ್ರಕ್ಕೆ ಅದರ ಹಿಂದೆ ಪಹಣಿಯಿದೆಯೋ ಇಲಾಖೆಯ ಸಚಿವರ ಭಾವಚಿತ್ರವಿದೆಯೋ ತಿಳಿಯುವುದಿಲ್ಲ. ಇನ್ನು ಮುಂದೆ ಮೆನುವೇ ಬೇಡ, ಹುಡುಕು ಪೆಟ್ಟಿಗೆಯಲ್ಲಿ ಬರೆದರೆ ಅಥವಾ ಬಾಯಲ್ಲಿ ಹೇಳಿದರೆ ಸಾಕು ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಹೆಸರು ಗೊತ್ತಿರುವ ವಸ್ತುವಿಗೆ ಹುಡುಕಾಟವೇ ವೇಗ. ಆದರೆ ಏನು ಕೇಳಬಹುದು ಎಂಬುದೇ ಗೊತ್ತಿಲ್ಲದವರಿಗೆ, ಇಲ್ಲಿ ಇಂತಿಂಥದು ಸಿಗುತ್ತದೆ ಎಂದು ಹೇಳಬಲ್ಲದ್ದು ಪಟ್ಟಿ ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ರಾಮನಾಥಪುರವೆಂದು ಟೈಪಿಸಿದವರನ್ನು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಗೆ ಕರೆದೊಯ್ಯಲು ಹುಡುಕುಯಂತ್ರಕ್ಕೆ ಸಂಕೋಚವೂ ಇಲ್ಲ. ಓದು ಬಾರದವರಿಗೆ ಚಿತ್ರಗಳನ್ನಿಟ್ಟರಾಯಿತು ಎಂಬುದು ಮೂರನೆಯ ಮಾತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಕಡಿಮೆ ಆದಾಯದ ಸಮುದಾಯಗಳ 60 ಜನರೊಂದಿಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಒಂದೂ ಪದವಿಲ್ಲದ ಚಿತ್ರಮೆನುವಿನಲ್ಲೂ, ಹಂತದೊಳಗೆ ಹಂತ ಹುದುಗಿದ್ದರೆ, ಓದು ಕಡಿಮೆಯಿದ್ದವರು ಹೆಚ್ಚು ಎಡವಿದರು. ತೊಡಕು ಅಕ್ಷರದ್ದಷ್ಟೇ ಆಗಿರಲಿಲ್ಲ, ಬೇರೆಯವರ ವರ್ಗೀಕರಣವನ್ನು ಊಹಿಸುವುದೇ ಕಷ್ಟವಾಗಿತ್ತು.

ಹಾಗಾದರೆ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರಗಳಿವೆಯಲ್ಲ, ಅಲ್ಲಿನವರು ಒತ್ತಿಕೊಡುತ್ತಾರೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕೇಂದ್ರಗಳು ಬೇಕು, ಪ್ರಿಂಟ್‌ಗೂ ಬೇಕು, ಧೈರ್ಯಕ್ಕೂ ಬೇಕು. ಆದರೆ ಜನರು ಫೋನ್ ಬಿಟ್ಟು ಅಲ್ಲಿಗೆ ನಡೆದುಹೋಗುವುದರಲ್ಲಿ ಒಂದು ಪಾಲು ಮೆನುವಿನ ಸೋಲು, ಮತ್ತು ಆ ಸೋಲು ಯಾವ ವರದಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಸರಿಪಡಿಸುವುದು ದುಬಾರಿಯೂ ಅಲ್ಲ: ಹೆಚ್ಚು ಜನ ಕೇಳುವ ನಾಲ್ಕೈದು ಕೆಲಸ ಪರದೆಯ ಕೆಳಗೆ ಕಾಣುವಂತೆ, ಇಲಾಖೆಯ ಹೆಸರಿನ ಬದಲು ಕೆಲಸದ ಹೆಸರಿನಲ್ಲಿ, ಗುಂಡಿ ಬೆರಳಿಗೆ ಸಾಕಾಗುವಷ್ಟು, ಒಮ್ಮೆ ಆರಿಸಿದ ಊರು ಮುಂದಿನ ಸಲಕ್ಕೆ ನೆನಪಿರುವಂತೆ. ಪುಟ ಕಟ್ಟುವವರಲ್ಲಿ ಒಂದು ಕೋರಿಕೆ. ಉದ್ಘಾಟನೆಗೆ ಮುಂಚೆ ಕರಡನ್ನು ಫೋನಿನಲ್ಲಿ ಹಾಕಿಕೊಂಡು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬನ್ನಿ, ಐದು ಜನ ರೈತರ ಕೈಗೆ ಕೊಟ್ಟು ಅವರವರ ಪಹಣಿ ತೆಗೆಯಲು ಹೇಳಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ನಿಂತು ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ.