ಎರಡಾಣೆಯ ನಂಟು, ಕೋಟಿಯ ಗಂಟು!

ಸಂಜೆ ಏಳಾಯಿತೆಂದರೆ ಪೇಟೆಯ ಅಂಗಡಿ ಸಾಲಿನಲ್ಲಿ ಬ್ಯಾಗು ನೇತುಹಾಕಿಕೊಂಡು ಬರುವ ಆಸಾಮಿಯನ್ನು ನೀವೂ ನೋಡಿದ್ದೀರಿ. ಪಿಗ್ಮಿಯವರು! "ಇವತ್ತು ವ್ಯಾಪಾರವೇ ಇಲ್ಲ ಮಾರಾಯ್ರೆ" ಅಂದರೆ, "ಅಡ್ಡಿಲ್ಲ, ನಾಳೆ ಕೊಡಿ" ಅಂತ ನಗುತ್ತಾ ಮುಂದಿನ ಅಂಗಡಿಗೆ ನಡೆದುಬಿಡುತ್ತಾರೆ. ಇಂಥ ನಂಟಿನ ಮೇಲೆಯೇ ಒಂದು ದೊಡ್ಡ ಬ್ಯಾಂಕು ಬೆಳೆದು ನಿಂತಿತ್ತು, ಗೊತ್ತೇ?

ಕತೆ ನಮ್ಮ ಉಡುಪಿಯದು. 1925. ಕೈಮಗ್ಗದ ಕಸುಬು ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ. ವೈದ್ಯ ಡಾ. ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮೂವರೂ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು.

1928ರಲ್ಲಿ ಪಿಗ್ಮಿ ಬಂತು. ದಿನಕ್ಕೆ ಎರಡಾಣೆ ಉಳಿಸುವ ಬಡಪಾಯಿ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಾನೆ. ಹತ್ತಿದರೂ ಆ ದಿನದ ಕೆಲಸಕ್ಕೆ ಖೋತಾ. ಸರಿ, ಬ್ಯಾಂಕೇ ಅವನ ಬಾಗಿಲಿಗೆ ಹೋಯಿತು!

ಇದೇನು ಬರೀ ದಾನ-ಧರ್ಮವೇ? ಅಲ್ಲ ಸ್ವಾಮಿ. ದಿನಾ ಬಾಗಿಲಿಗೆ ಹೋಗುವವನಿಗೆ ಯಾರ ಮನೆಯಲ್ಲಿ ಮದುವೆ, ಯಾರ ಅಂಗಡಿ ಡಲ್ಲು, ಸಾಲ ಕೊಟ್ಟರೆ ಯಾರು ತೀರಿಸ್ತಾರೆ ಎಲ್ಲಾ ಗೊತ್ತು. ಲೆಕ್ಕದ ಪುಸ್ತಕ ಹೇಳದ್ದನ್ನು ಆತ ಹೇಳಬಲ್ಲ. 1969ರಲ್ಲಿ ಸರಕಾರ 50 ಕೋಟಿಗೆ ಕಡಿಮೆಯಿಲ್ಲದ ಠೇವಣಿಯ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಎಂಟು ಸಾವಿರದ ಈ ಕೂಸೂ ಆ ಸಾಲಿನಲ್ಲಿತ್ತು. ಪಿಗ್ಮಿ ಒಂದರಿಂದಲೇ ಅಂತಲ್ಲ. ಆದರೆ ಪಿಗ್ಮಿ ಬಿಟ್ಟು ಆ ಬ್ಯಾಂಕಿನ ಕತೆ ಹೇಳುವಂತಿಲ್ಲ.

ಆದರೆ ಗಿರಾಕಿಗೆ ತೋರಿದ ಔದಾರ್ಯ ಬೀದಿ ಸುತ್ತಿದವನಿಗೂ ಸಿಕ್ಕಿತೇ? ಪಿಗ್ಮಿಯವರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2001ರಲ್ಲಿ ಕೋರ್ಟು, ಅವರೂ ಕಾರ್ಮಿಕರೇ, ಅವರ ಕಮಿಷನ್ನೂ ಸಂಬಳವೇ ಎಂದಿತು. ಅಷ್ಟು ಹೇಳಿಸಿಕೊಳ್ಳಲು ಕೋರ್ಟು ಬೇಕಾಯಿತು ನೋಡಿ!

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸೊಸೈಟಿಗಳಲ್ಲಿ ಇನ್ನೂ ನಡೆದಿದೆ. ಪುಸ್ತಕದ ಜಾಗಕ್ಕೆ ಕೈಮೆಷಿನ್ನು ಬಂದಿದೆ, ಅಷ್ಟೇ. ಮಳೆಯಲ್ಲಿ ಛತ್ರಿ ಹಿಡಿದು ನಡೆಯೋದು ಅದೇ ಮನುಷ್ಯ.

ಸೊಸೈಟಿಯ ಆಡಳಿತ ಮಂಡಳಿಯವರಿಗೆ ಒಂದು ಮಾತು. ಅಂಗಡಿಯವರು ದುಡ್ಡು ಕೊಡೋದು ನಿಮ್ಮ ಬೋರ್ಡು ನೋಡಿ ಅಲ್ಲ, ಆ ಮುಖ ನೋಡಿ. ಆತ ನಾಳೆ ಬೇರೆ ಸೊಸೈಟಿ ಸೇರಿದರೆ ಗಿರಾಕಿಗಳೂ ಹಿಂದೆಯೇ ಹೊರಟಾರು. ಕಮಿಷನ್ ಲೆಕ್ಕ ಹಾಕುವಾಗ ಕೈ ಸ್ವಲ್ಪ ಸಡಿಲ ಬಿಡಿ. ಧರ್ಮಕ್ಕಲ್ಲ, ನಿಮ್ಮ ವ್ಯಾಪಾರಕ್ಕೇ ಒಳ್ಳೆಯದು!