ಹಿಂಡಿಯ ಬೂಷ್ಟು, ದವಡೆಯ ಅಡಿಕೆ: ಕ್ಯಾನ್ಸರ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು



ದನದ ಡಾಕ್ಟರಿಗೆ ಮನುಷ್ಯರ ಕಾಯಿಲೆಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. ಕೊಟ್ಟಿಗೆಹಾರದ ಸುತ್ತಿನ ಸಂಘವೊಂದರಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಎಲ್ಲರೂ ನೀರುದೋಸೆ ತಿನ್ನುತ್ತಿದ್ದೆವು. ಬೆಳಗಿನಿಂದ ನನ್ನ ಜೊತೆ ಹಸು ಹಿಡಿದು ನಿಂತಿದ್ದ ಸದಸ್ಯರೊಬ್ಬರು ಚಟ್ನಿ ಮುಟ್ಟದೆ, ದೋಸೆಯನ್ನು ಚಿವುಟಿ ಚಿವುಟಿ ತುಟಿಯ ನಡುವೆ ತೂರಿಸುತ್ತಿದ್ದರು. ಖಾರ ತಾಕಿದರೆ ಬಾಯಿ ಉರಿ ಎಂದರು. ಬಾಯಿ ಅಗಲಿಸಿ ಎಂದರೆ ಒಂದು ಬೆರಳು ಹೋಗುವಷ್ಟೇ ತೆರೆಯಿತು. ವಯಸ್ಸು ನಲವತ್ತೂ ಆಗಿರಲಿಲ್ಲ. ಹದಿನೈದನೆಯ ವಯಸ್ಸಿನಿಂದ ಅಡಿಕೆ ಅಗಿಯುತ್ತಿದ್ದಾರಂತೆ.

ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆ. ಹೊಗೆಸೊಪ್ಪು ಸೇರಿಸದಿದ್ದರೂ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ, ಆದರೆ ಇಂಥ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವ ಸಂಭವ ಇತರರಿಗಿಂತ ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಇರಲಿ ಬಿಡಲಿ, ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಸ್ಪಷ್ಟವಾಗಿ ಹೇಳಿದೆ.

ಇದು ನಮ್ಮ ಸೀಮೆಯವರಿಗೆ ಹಿತವಾದ ಮಾತಲ್ಲ. ನಾನೂ ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು. ನನ್ನ ಕಾಲೇಜಿನ ಫೀಜು ಕಟ್ಟಿದ್ದೂ ಅಡಿಕೆ ಮಾರಿದ ಹಣದಲ್ಲೇ. ಮದುವೆ ಮನೆಯಲ್ಲಿ ತಾಂಬೂಲ ಕೊಡಬೇಡಿ ಎಂದು ನಾನು ಹೇಳಿದರೆ ತಾವು ಕೇಳುವವರೂ ಅಲ್ಲ. ಆದರೆ ಹುಲ್ಲು ಕೊಯ್ಯುವಾಗ, ಹಾಲು ಕರೆಯುವಾಗ, ಸಂಘದ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಾಗ ಜಗಿಯುತ್ತಲೇ ಇರುವುದು, ರಾತ್ರಿ ದವಡೆಯಲ್ಲಿಟ್ಟುಕೊಂಡೇ ಮಲಗುವುದು ತಾಂಬೂಲವಲ್ಲ, ಚಟ. ಕಡಿಮೆ ಮಾಡಿದಷ್ಟು ಒಳ್ಳೆಯದು, ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲದ ಒಂದು ಪೊಟ್ಟಣ, ಹೊಗೆಸೊಪ್ಪಿನ ಒಂದು ಪೊಟ್ಟಣ ಕೊಂಡು ಅಂಗೈಯಲ್ಲಿ ಬೆರೆಸಿದರೆ ಅದೂ ಗುಟ್ಕಾವೇ. ಇಂಬಳಕ್ಕೆಂದು ಹೊಗೆಸೊಪ್ಪು, ಸುಣ್ಣ ಸೊಂಟದಲ್ಲಿಟ್ಟುಕೊಳ್ಳುವವರು ಅದನ್ನು ಕಾಲಿಗಷ್ಟೇ ಹಚ್ಚಲಿ. ಇದರ ಜೊತೆಗೆ ಸಾರಾಯಿ, ಬ್ರಾಂದಿಯೂ ಸೇರಿತೆಂದರೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಇನ್ನು ಕೊಟ್ಟಿಗೆಯ ವಿಷಯ. ಇದು ನನ್ನದೇ ಇಲಾಖೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ರೋಗಾಣು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲೂ 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಅದೇ ಮನೆಗಳ ನಾಯಿಗಳೂ ಸತ್ತವು. ಹೀಗೆ ಒಮ್ಮೆಗೇ ಹೆಚ್ಚು ಸೇರಿದರೆ ಪ್ರಾಣ ಹೋಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ವರ್ಷಗಟ್ಟಲೆ ಸೇರಿದರೆ ಯಕೃತ್ತಿನ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್-ಬಿ ಕಾಮಾಲೆಯ ಸೋಂಕು ಇರುವವರಿಗಂತೂ ಅಪಾಯ ಹಲವು ಪಟ್ಟು. ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಆ ಲಸಿಕೆಯನ್ನು ತಪ್ಪಿಸಬೇಡಿ.

ಹಸು ಈ ವಿಷ ತಿಂದರೆ ಅದರ ಒಂದು ಭಾಗ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಬೆಳಿಗ್ಗೆ ತಿಂದದ್ದು ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ಡೇರಿಯಲ್ಲಿ ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಆ ಹಾಲನ್ನು ಮೊದಲು ಕುಡಿಯುವುದು ಪಟ್ಟಣದವರಲ್ಲ, ನಮ್ಮದೇ ಮನೆಯ ಮಕ್ಕಳು ಎಂಬುದನ್ನು ಮರೆಯಬಾರದು. ಗಾಬರಿಯೂ ಬೇಡ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ಶುದ್ಧವಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ಘಾಟಿಯ ತಲೆಯ ಮೇಲಿರುವ ನಮ್ಮ ಊರುಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಹಿಂಡಿ, ಬೂಸಾ ಚೀಲವನ್ನು ಮಣ್ಣಿನ ನೆಲದ ಮೇಲೆ ಗೋಡೆಗೆ ಒರಗಿಸಿಟ್ಟರೆ ವಾರದಲ್ಲಿ ತೇವ ಏರುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಮಳೆಗಾಲದಲ್ಲಿ ಎರಡು ವಾರಕ್ಕೆ ಸಾಲುವಷ್ಟೇ ಕೊಳ್ಳಿ. ಮೊದಲು ತಂದ ಚೀಲ ಮೊದಲು ಮುಗಿಯಲಿ. ಗಂಟುಗಟ್ಟಿದ, ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ, ಮುಗ್ಗು ವಾಸನೆಯ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡಹಿ ತಿನ್ನಿಸುವವರಿದ್ದಾರೆ. ಬೂಷ್ಟು ಉದುರಿದರೂ ವಿಷ ಉಳಿಯುತ್ತದೆ. ಒಳ್ಳೆಯದರ ಜೊತೆ ಬೆರೆಸುವುದೂ ಬೇಡ, ಕೋಳಿಗೆ ಹಾಕುವುದೂ ಬೇಡ. ಸಾವಿರ ರೂಪಾಯಿಯ ಮಾಲು ಗೊಬ್ಬರದ ಗುಂಡಿಗೆ ಸುರಿಯಲು ಹೊಟ್ಟೆ ಉರಿಯುತ್ತದೆ ನಿಜ. ಆದರೆ ಅದನ್ನು ತಿಂದ ಹಸು ಮೇವು ಬಿಟ್ಟು, ಹಾಲು ಇಳಿದು ಆಗುವ ನಷ್ಟವನ್ನೂ ಲೆಕ್ಕ ಹಾಕಿ ನೋಡಿ. ಅಡುಗೆ ಮನೆಯ ಕಡಲೆಬೀಜ, ಕೊಬ್ಬರಿ, ಒಣಮೆಣಸಿಗೂ ಇದೇ ನಿಯಮ.

ಊಟದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಕೆಸು, ಒಂದೆಲಗ, ನುಗ್ಗೆಯಂಥ ಸೊಪ್ಪು, ಮೊಳಕೆ ಕಾಳು, ರಾಗಿ ನಮ್ಮ ಮನೆಗಳಲ್ಲಿದ್ದೇ ಇದೆ. ನಾರಿರುವ ಇಂಥ ಆಹಾರ ಕರುಳಿನ ಕ್ಯಾನ್ಸರಿನ ಸಂಭವ ತಗ್ಗಿಸುತ್ತದೆ. ಹಾಲೂ ಇದೇ ಕ್ಯಾನ್ಸರಿನಲ್ಲಿ ಒಳ್ಳೆಯದು ಮಾಡುವಂತೆ ತೋರುತ್ತದೆ. ಆದರೆ ಹಾಲು ಮಾರುವ ನಾವು ಅದನ್ನು ಔಷಧಿ ಎಂದು ಡಂಗುರ ಹೊಡೆಯಬಾರದು. ಹಂದಿ, ಕುರಿ ಮಾಂಸ ಬೇಯಿಸಿದ ತೂಕದಲ್ಲಿ ವಾರಕ್ಕೆ ಅರ್ಧ ಕಿಲೋ ಮೀರದಿರಲಿ. ಉಪ್ಪುಮೀನು, ಉಪ್ಪಿನಕಾಯಿ ನಂಚಿಕೊಳ್ಳುವಷ್ಟೇ ಸಾಕು. ಸೌದೆಯ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಹೊಗೆ ಹೆಂಗಸರ ಪಾಲಿಗೇ ಉಳಿದಿದೆ. ಒಂದು ಹೊಗೆ ಕೊಳವೆ ಹಾಕಿಸಿಕೊಡಿ. ಮಹಿಳಾ ಸದಸ್ಯರು ಎದೆಯಲ್ಲಿ ಗಂಟು ಕಂಡರೆ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ನಾಚಿಕೆಯಿಂದ ಮುಚ್ಚಿಡಬಾರದು.

ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು. ತಾವೂ ಕನ್ನಡಿಯ ಮುಂದೆ ನಿಂತು ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಅವರೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ಕಳಿಸುತ್ತಾರೆ.

ಆ ಸದಸ್ಯರು ಅಡಿಕೆ ಬಿಟ್ಟು ಮೂರು ವರ್ಷವಾಯಿತು. ಚುಚ್ಚುಮದ್ದು, ಬಾಯಿಯ ವ್ಯಾಯಾಮ ಮಾಡಿಸಿಕೊಂಡು ಈಗ ಎರಡು ಬೆರಳು ಹೋಗುತ್ತವೆ. ಮೂರನೆಯದು ಇನ್ನೂ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾರೆ.