ಕೊಟ್ಟಿಗೆಗೆ ಇಳಿಯುವ ಮುನ್ನ ಕೈ ಪಳಗಿಸಬಹುದೇ?
ವರ್ಚುವಲ್ ಪ್ರಪಂಚದಲ್ಲಿ ಸಭೆ ಮತ್ತು ತರಬೇತಿ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ನಿಮ್ಮ ಹಸು ಬೆದೆಗೆ ಬಂದಿದೆ. ಹೊತ್ತಿಗೆ ಸರಿಯಾಗಿ ಸಂಘಕ್ಕೆ ತಿಳಿಸಿದ್ದೀರಿ. ಕೃತಕ ಗರ್ಭಧಾರಣೆ ಕಾರ್ಯಕರ್ತರು ಬಂದು ತಮ್ಮ ಕೆಲಸ ಮುಗಿಸಿ ಹೋಗಿದ್ದಾರೆ. ಆದರೂ 21 ದಿನ ಕಳೆದ ಮೇಲೆ ಹಸು ಮತ್ತೆ ಬೆದೆಗೆ ಬಂದರೆ ಆಗುವ ನಷ್ಟವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಷ್ಟು ದಿನದ ಮೇವು, ಹಿಂಡಿ, ಬೂಸಾ, ಮನೆಯವರ ದುಡಿಮೆ ಎಲ್ಲವೂ ಖರ್ಚಿನ ಲೆಕ್ಕಕ್ಕೆ ಸೇರುತ್ತವೆ. ಮುಂದಿನ ಕರು, ಮುಂದಿನ ಸೂಲಿನ ಹಾಲು ಅಷ್ಟೇ ದಿನ ಹಿಂದಕ್ಕೆ ಹೋಗುತ್ತವೆ.

ಗಬ್ಬ ನಿಲ್ಲದಿರಲು ಕಾರಣಗಳು ಹಲವು. ಬೆದೆ ಗುರುತಿಸುವುದು ತಡವಾಗಿರಬಹುದು, ಆಹಾರದಲ್ಲಿ ಕೊರತೆ ಇರಬಹುದು, ಗರ್ಭಕೋಶದಲ್ಲಿ ಸೋಂಕು ಇರಬಹುದು. ಇವುಗಳ ಜೊತೆಗೆ ಕಾರ್ಯಕರ್ತರ ಕೈಚಳಕವೂ ಒಂದು ಮುಖ್ಯ ಕಾರಣ. ಒಂದು ಕೈಯನ್ನು ಗುದದ್ವಾರದ ಮೂಲಕ ಒಳಗಿಟ್ಟು ಗರ್ಭಕೋಶದ ಕೊರಳನ್ನು ಹಿಡಿದುಕೊಳ್ಳಬೇಕು. ಇನ್ನೊಂದು ಕೈಯಿಂದ ವೀರ್ಯದ ನಳಿಕೆಯನ್ನು ಆ ಕೊರಳನ್ನು ದಾಟಿಸಿ ಸರಿಯಾದ ಜಾಗಕ್ಕೆ ಮುಟ್ಟಿಸಬೇಕು. ಇದೆಲ್ಲವೂ ಕಣ್ಣಿಗೆ ಕಾಣದೆ, ಬರೀ ಬೆರಳ ಸ್ಪರ್ಶದಿಂದಲೇ ಆಗಬೇಕಾದ ಕೆಲಸ. ಇದನ್ನು ಕಲಿಯುವವರು ಎಲ್ಲಿ ಕಲಿಯಬೇಕು? ಕಲಿಕೆಯ ದಿನಗಳ ತಪ್ಪುಗಳು ಯಾರ ಹಸುವಿನ ಮೇಲೆ ಬೀಳಬೇಕು? ಈ ಪ್ರಶ್ನೆಗೆ ಒಂದು ಹೊಸ ಬಗೆಯ ಉತ್ತರವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ವರ್ಚುವಲ್ ಪ್ರಪಂಚ ಎಂದರೇನು?

ಕಂಪ್ಯೂಟರ್ ಸಹಾಯದಿಂದ ಕಟ್ಟಿದ ತೋರಿಕೆಯ ಜಗತ್ತೇ ವರ್ಚುವಲ್ ಪ್ರಪಂಚ. ಅದರಲ್ಲಿ ಮನೆ, ಸಭಾಂಗಣ, ಕಾರ್ಖಾನೆ ಎಲ್ಲವೂ ಚಿತ್ರರೂಪದಲ್ಲಿರುತ್ತವೆ. ನಿಮ್ಮ ಪರವಾಗಿ ಅದರೊಳಗೆ ಓಡಾಡಲು ಒಂದು ಗೊಂಬೆ ಇರುತ್ತದೆ. ಆ ಗೊಂಬೆಗೆ ಲೋಕದ ಎಲ್ಲ ಕಡೆಯೂ 'ಅವತಾರ್' ಎಂದೇ ಹೆಸರು. ನಮ್ಮ ಪುರಾಣದ ಅವತಾರ ಎಂಬ ಪದವೇ ಅಲ್ಲಿಗೆ ಹೋಗಿದೆ.

ಇದನ್ನು ನೋಡುವ ವಿಧಾನ ಎರಡು. ಮೊದಲನೆಯದು, ಸಾಧಾರಣ ಕಂಪ್ಯೂಟರ್ ಪರದೆಯ ಮೇಲೆ ನೋಡುವುದು. ಎರಡನೆಯದು, ತಲೆಗೆ ಕನ್ನಡಕದಂಥ ಒಂದು ಪೆಟ್ಟಿಗೆಯನ್ನು ಕಟ್ಟಿಕೊಳ್ಳುವುದು. ಇದರಲ್ಲಿ ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಚಿತ್ರಗಳು ಬೀಳುವುದರಿಂದ ವಸ್ತುಗಳ ಆಳ, ದೂರ ನಿಜದಂತೆಯೇ ತೋರುತ್ತವೆ. ತಲೆ ತಿರುಗಿಸಿದ ಕಡೆಗೆ ಚಿತ್ರವೂ ತಿರುಗುತ್ತದೆ.

ಹಳೆಯ ಉಪಾಯ, ಹೊಸ ಸಾಧನ

ನಿಜವಾದ ಅಪಾಯವಿಲ್ಲದೆ ಅಭ್ಯಾಸ ಮಾಡಿಸುವ ಉಪಾಯ ಇಂದು ನಿನ್ನೆಯದಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬುವರ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ ಇತ್ತು. ಆ ವಾದ್ಯಗಳಲ್ಲಿ ಬಳಸುವ ಗಾಳಿಯ ತಿದಿಗಳನ್ನೇ ಉಪಯೋಗಿಸಿ ಲಿಂಕ್ ಅವರು 1929ರ ಹೊತ್ತಿಗೆ ನೆಲದ ಮೇಲೆಯೇ ಓಲಾಡುವ ಪುಟ್ಟ ವಿಮಾನದ ಪೆಟ್ಟಿಗೆಯೊಂದನ್ನು ತಯಾರಿಸಿದರು. ಮೊದಮೊದಲು ಅದನ್ನು ಕೊಂಡವರು ಮನರಂಜನೆಯ ಉದ್ಯಾನಗಳವರು.

1934ರಲ್ಲಿ ಅಮೆರಿಕದ ಸೈನ್ಯದ ವಿಮಾನ ದಳಕ್ಕೆ ಅಂಚೆ ಸಾಗಿಸುವ ಕೆಲಸ ಬಂತು. ಮಂಜು, ಹಿಮ, ಕತ್ತಲಲ್ಲಿ ಉಪಕರಣಗಳನ್ನು ಮಾತ್ರ ನಂಬಿ ಹಾರುವ ಅಭ್ಯಾಸವಿಲ್ಲದೆ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಆಗ ಎಚ್ಚೆತ್ತ ಸೈನ್ಯ ಅದೇ ವರ್ಷ ಲಿಂಕ್ ಅವರ ಆರು ಪೆಟ್ಟಿಗೆಗಳನ್ನು ಖರೀದಿಸಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸುಮಾರು 5 ಲಕ್ಷ ಪೈಲಟ್‌ಗಳು ಇದರಲ್ಲಿ ಕುಳಿತು ಕಲಿತರು. ತಪ್ಪಿಗೆ ಪ್ರಾಣದ ಬೆಲೆ ತೆರಬೇಕಾದ ಕಡೆ ತಪ್ಪನ್ನು ಮೊದಲೇ ಮಾಡಿ ಮುಗಿಸಲು ಒಂದು ಜಾಗ ಬೇಕು ಎಂಬುದೇ ಇದರ ತಾತ್ಪರ್ಯ.

ಕಂಪ್ಯೂಟರ್ ಹಸು

ಇದೇ ಉಪಾಯ ಹಸುವಿನವರೆಗೂ ಬಂದಿದೆ. ಸಾರಾ ಬೈಲಿ ಎಂಬ ಬ್ರಿಟನ್ನಿನ ಪಶುವೈದ್ಯೆ ಮೊದಲು ಹಳ್ಳಿಗಳಲ್ಲಿ ದನಕರುಗಳಿಗೆ ಚಿಕಿತ್ಸೆ ನೀಡುತ್ತಿದ್ದವರು. ನಂತರ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನೆಗೆ ಸೇರಿ, 2000ದ ದಶಕದ ಆರಂಭದಲ್ಲಿ 'ಹ್ಯಾಪ್ಟಿಕ್ ಕೌ' ಎಂಬ ಸಾಧನವನ್ನು ರೂಪಿಸಿದರು. ಹ್ಯಾಪ್ಟಿಕ್ ಎಂದರೆ ಸ್ಪರ್ಶಕ್ಕೆ ಸಂಬಂಧಿಸಿದ್ದು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ಇದನ್ನು ವಿದ್ಯಾರ್ಥಿಗಳ ಪಾಠಕ್ಕೆ ಬಳಸಲಾಯಿತು.

ಇದರ ರಚನೆ ಹೀಗಿದೆ. ಫೈಬರ್ ಗ್ಲಾಸಿನಲ್ಲಿ ಮಾಡಿದ ಹಸುವಿನ ಹಿಂಭಾಗದ ಆಕೃತಿ. ಅದರೊಳಗೆ ಕಂಪ್ಯೂಟರಿಗೆ ಜೋಡಿಸಿದ ಒಂದು ಸಣ್ಣ ಯಂತ್ರದ ತೋಳು. ವಿದ್ಯಾರ್ಥಿ ಕೈ ಒಳಗಿಟ್ಟು, ತೋಳಿನ ತುದಿಯ ಟೋಪಿಯಂಥ ಭಾಗಕ್ಕೆ ಬೆರಳು ತೂರಿಸುತ್ತಾನೆ. ಬೆರಳು ಆಡಿದಂತೆ ಯಂತ್ರ ಎದುರು ಒತ್ತಡ ಕೊಡುತ್ತದೆ. ಗರ್ಭಕೋಶದ ಜಾಗಕ್ಕೆ ಬಂದರೆ ಗರ್ಭಕೋಶ ಮುಟ್ಟಿದಂತೆ, ಅಂಡಾಶಯದ ಜಾಗದಲ್ಲಿ ಅಂಡಾಶಯ ಮುಟ್ಟಿದಂತೆ ಬೆರಳಿಗೆ ಅನುಭವವಾಗುತ್ತದೆ. ಗಬ್ಬದ ಹಸು, ಗಬ್ಬವಿಲ್ಲದ ಹಸು ಎಂದು ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳಲೂ ಬರುತ್ತದೆ.

ಇದರ ದೊಡ್ಡ ಲಾಭ ಗುರುವಿಗೆ. ನಿಜವಾದ ಹಸುವಿನೊಳಗೆ ಶಿಷ್ಯನ ಬೆರಳು ಎಲ್ಲಿದೆ, ಏನನ್ನು ಹಿಡಿದಿದೆ ಎಂಬುದು ಪಕ್ಕದಲ್ಲಿ ನಿಂತ ಗುರುವಿಗೆ ಕಾಣುವುದಿಲ್ಲ. ಇಲ್ಲಿ ಅದೆಲ್ಲ ಪರದೆಯ ಮೇಲೆ ಕಾಣುತ್ತದೆ. 'ಸ್ವಲ್ಪ ಎಡಕ್ಕೆ, ಇನ್ನೂ ಕೆಳಕ್ಕೆ' ಎಂದು ಗುರು ತಿದ್ದಬಹುದು. ಈ ಸಾಧನದಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು ನಂತರ ನಿಜವಾದ ಹಸುಗಳಲ್ಲಿ ಗರ್ಭಕೋಶವನ್ನು ಪತ್ತೆ ಮಾಡುವುದರಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು ಎಂಬುದು ಪರೀಕ್ಷೆಯಲ್ಲಿ ಕಂಡುಬಂದಿತು.

ಆದರೆ ಒಂದು ಮಾತು. ಈ ಯಂತ್ರ ಒದೆಯುವುದಿಲ್ಲ, ಸಗಣಿ ಹಾಕುವುದಿಲ್ಲ, ಹೆದರಿ ಪಕ್ಕಕ್ಕೆ ಸರಿಯುವುದಿಲ್ಲ. ಸ್ಪರ್ಶದ ಅನುಭವವೂ ಒಂದು ಬೆರಳಿಗೆ ಮಾತ್ರ. ಆದ್ದರಿಂದ ಇದು ಹಸುವಿಗೆ ಬದಲಿಯಲ್ಲ. ಹಸುವಿನ ಬಳಿಗೆ ಹೋಗುವ ಮುನ್ನ ಹತ್ತಬೇಕಾದ ಒಂದು ಮೆಟ್ಟಿಲು ಮಾತ್ರ.

ಅಂಗಡಿ ಮತ್ತು ಕಾರ್ಖಾನೆಯ ತರಬೇತಿ

ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆ 2018ರಲ್ಲಿ ತನ್ನ ಅಂಗಡಿಗಳ ನೌಕರರ ತರಬೇತಿಗೆಂದು 17,000 ತಲೆಪೆಟ್ಟಿಗೆಗಳನ್ನು ಕಳುಹಿಸುವುದಾಗಿ ಪ್ರಕಟಿಸಿತು. ವರ್ಷಕ್ಕೊಮ್ಮೆ ಬರುವ ಹಬ್ಬದ ಮಾರಾಟದ ನೂಕುನುಗ್ಗಲನ್ನು ನಿಭಾಯಿಸುವುದು ಇದರಲ್ಲಿ ಕಲಿಸಿದ ಪಾಠಗಳಲ್ಲೊಂದು. ಆ ನೂಕುನುಗ್ಗಲನ್ನು ಬೇರೆ ದಿನ ನಿಜವಾಗಿ ಸೃಷ್ಟಿಸಿ ಕಲಿಸಲಾಗದು. ಹೊಸ ಯಂತ್ರವೊಂದರ ಬಗ್ಗೆ ಎಂಟು ಗಂಟೆ ಹಿಡಿಯುತ್ತಿದ್ದ ಪಾಠ 15 ನಿಮಿಷಕ್ಕೆ ಇಳಿಯಿತೆಂದೂ ಸಂಸ್ಥೆ ಹೇಳಿಕೊಂಡಿತು.

ಇದನ್ನು ನಮ್ಮ ಕ್ಷೇತ್ರಕ್ಕೆ ಹೊಂದಿಸಿ ನೋಡಿ. ಡೇರಿಗಳ ಶೈತ್ಯಾಗಾರಗಳಲ್ಲಿ ಅಮೋನಿಯಾ ಬಳಕೆಯಲ್ಲಿದೆ. ಅದು ಸೋರಿದರೆ ಮೊದಲ ಕ್ಷಣಗಳಲ್ಲಿ ಯಾವ ವಾಲ್ವ್ ಮುಚ್ಚಬೇಕು, ಯಾವ ಬಾಗಿಲಿನಿಂದ ಹೊರಬರಬೇಕು ಎಂಬುದು ಕೆಲಸಗಾರರಿಗೆ ಬಾಯಿಪಾಠವಾಗಿರಬೇಕು. ಕಲಿಸುವುದಕ್ಕೆಂದು ಅಮೋನಿಯಾ ಸೋರಿಸಲು ಬರುವುದಿಲ್ಲ. ಅಪರೂಪಕ್ಕೆ ಬರುವ, ಬಂದಾಗ ಪ್ರಾಣಾಪಾಯ ಒಡ್ಡುವ ಇಂಥ ಪ್ರಸಂಗಗಳ ತರಬೇತಿಗೆ ವರ್ಚುವಲ್ ಪ್ರಪಂಚ ಹೇಳಿ ಮಾಡಿಸಿದ ಸಾಧನ. ಹಾಲಿನ ಕ್ಯಾನು ತೊಳೆಯುವುದನ್ನು, ಫ್ಯಾಟ್ ಪರೀಕ್ಷೆ ಮಾಡುವುದನ್ನು ಕಲಿಸಲು ಇದು ಬೇಕಿಲ್ಲ. ಕ್ಯಾನೂ ಇದೆ, ಹಾಲೂ ಇದೆ.

ಸಭೆಗಳ ಸಂಗತಿ

ದೂರದೂರದವರು ಒಂದೆಡೆ ಸೇರಿ ಸಭೆ ನಡೆಸಲೂ ಈ ಪ್ರಪಂಚವನ್ನು ಬಳಸಿದ್ದಾರೆ. ಲಿಂಡನ್ ಲ್ಯಾಬ್ ಎಂಬ ಕಂಪನಿ 2003ರಲ್ಲಿ 'ಸೆಕೆಂಡ್ ಲೈಫ್' ಎಂಬ ವರ್ಚುವಲ್ ಪ್ರಪಂಚವನ್ನು ತೆರೆಯಿತು. ಐಬಿಎಂ ಕಂಪನಿಯ ತಂತ್ರಜ್ಞರ ಅಕಾಡೆಮಿ 2008ರ ಅಕ್ಟೋಬರ್‌ನಲ್ಲಿ ತನ್ನ ಸಮ್ಮೇಳನವೊಂದನ್ನು ಇದರಲ್ಲಿಯೇ ನಡೆಸಿತು. 200ಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಊರಿನಲ್ಲಿ ಕುಳಿತೇ ಭಾಗವಹಿಸಿದರು. ಟೆಲಿಫೋನ್ ಸಭೆಗಿಂತ ಇದು ಹೇಗೆ ಭಿನ್ನವೆಂದರೆ, ಇಲ್ಲಿ ಹತ್ತಿರ ನಿಂತವರ ಧ್ವನಿ ಜೋರಾಗಿ, ದೂರದವರದು ಮೆಲ್ಲಗೆ ಕೇಳಿಸುವ ಏರ್ಪಾಡು ಇತ್ತು. ಹಾಗಾಗಿ ಭಾಷಣ ಮುಗಿದ ಮೇಲೆ ನಾಲ್ಕು ಜನ ಒಂದು ಮೂಲೆಯಲ್ಲಿ ಗುಂಪುಗೂಡಿ ಮಾತಾಡಲು ಸಾಧ್ಯವಿತ್ತು. ಸಭೆಯ ಅರ್ಧ ಪ್ರಯೋಜನ ಇಂಥ ಮಾತುಗಳಲ್ಲೇ ಇರುತ್ತದೆಂಬುದು ನಿಮ್ಮೆಲ್ಲರ ಅನುಭವವೂ ಹೌದು.

ಇದರ ಲೆಕ್ಕವನ್ನು ಗಮನಿಸಿ. ಖರ್ಚು ಸುಮಾರು 80,000 ಡಾಲರ್. ಪ್ರಯಾಣ ಮತ್ತು ವಸತಿಯಲ್ಲಿ ಉಳಿದದ್ದು ಸುಮಾರು 2.5 ಲಕ್ಷ ಡಾಲರ್. ನೌಕರರ ಸಮಯದ ಉಳಿತಾಯ ಸುಮಾರು 1.5 ಲಕ್ಷ ಡಾಲರ್. ಒಟ್ಟಿನಲ್ಲಿ 3.2 ಲಕ್ಷ ಡಾಲರ್ ಲಾಭ ಎಂದು ಪ್ರಕಟವಾಯಿತು. ಇಲ್ಲಿ ಎರಡು ಅಂಶ ನೆನಪಿಡಿ. ಸಮಯದ ಉಳಿತಾಯ ಎಂಬುದು ಅಂದಾಜೇ ಹೊರತು ಕೈಗೆ ಬಂದ ಹಣವಲ್ಲ. ಅಲ್ಲದೆ ಈ ವರದಿ ಹೊರತಂದದ್ದು ಸೆಕೆಂಡ್ ಲೈಫ್ ಮಾರುವ ಕಂಪನಿಯೇ. ಎತ್ತು ಮಾರುವವನೇ ಹಲ್ಲು ಎಣಿಸಿ ಹೇಳಿದರೆ ನಾವು ಇನ್ನೊಮ್ಮೆ ಬಾಯಿ ತೆರೆಸಿ ನೋಡುತ್ತೇವಲ್ಲವೇ?

ಕೈಕೊಟ್ಟ ಉದಾಹರಣೆಗಳು

ಹೊಸದೆಲ್ಲ ಉಳಿಯಲಿಲ್ಲ. ರಾಯಿಟರ್ಸ್ ಸುದ್ದಿ ಸಂಸ್ಥೆ 2006ರಲ್ಲಿ ಸೆಕೆಂಡ್ ಲೈಫ್‌ನೊಳಗೆ ಸುದ್ದಿ ಕಚೇರಿ ತೆರೆದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮೈಕ್ರೋಸಾಫ್ಟ್ ಕಂಪನಿ ತನ್ನ ವಶದಲ್ಲಿದ್ದ 'ಆಲ್ಟ್‌ಸ್ಪೇಸ್' ಎಂಬ ಸಭಾ ಪ್ರಪಂಚವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿಬಿಟ್ಟಿತು. ಅಲ್ಲಿ ಸಭಾಂಗಣ ಕಟ್ಟಿಕೊಂಡಿದ್ದವರ ಶ್ರಮ ಅಲ್ಲಿಗೇ ಮುಗಿಯಿತು. ಬೇರೆಯವರ ಹೊಲದಲ್ಲಿ ಕೊಟ್ಟಿಗೆ ಕಟ್ಟಿದರೆ ಆಗುವ ಪಾಡೇ ಇದು.

ದೇಹಕ್ಕೂ ತೊಂದರೆ ಉಂಟು. ಕಣ್ಣು 'ಚಲಿಸುತ್ತಿದ್ದೇನೆ' ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ 'ಇಲ್ಲ' ಎನ್ನುತ್ತದೆ. ಈ ಗೊಂದಲದಿಂದ ಕೆಲವರಿಗೆ ಬಸ್ಸಿನಲ್ಲಿ ಆಗುವಂತೆ ತಲೆಸುತ್ತು, ವಾಕರಿಕೆ ಬರುತ್ತದೆ. ಆದ್ದರಿಂದ ಪಾಠಗಳು ಚಿಕ್ಕದಾಗಿರಬೇಕು, ಕುಳಿತು ಕಲಿಯುವ ಅವಕಾಶವೂ ಇರಬೇಕು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಇಂಥ ಸಾಧನ ಕೊಳ್ಳುವ ವಿಷಯ ಯಾವ ಸಂಘ ಅಥವಾ ಒಕ್ಕೂಟದ ಮುಂದೆ ಬಂದರೂ, ಖರ್ಚಾಗುವುದು ಸದಸ್ಯರು ಹಾಕಿದ ಹಾಲಿನ ಹಣ. ಆದ್ದರಿಂದ ವಾರ್ಷಿಕ ಮಹಾಸಭೆಯಲ್ಲಿ ಸಂಕೋಚವಿಲ್ಲದೆ ಈ ಪ್ರಶ್ನೆಗಳನ್ನು ಕೇಳಿ:

1. ಇದರಿಂದ ಯಾವ ಒಂದು ನಿರ್ದಿಷ್ಟ ಕೆಲಸ ಸುಧಾರಿಸುತ್ತದೆ? 'ಆಧುನಿಕತೆ' ಎಂಬುದು ಉತ್ತರವಲ್ಲ.

2. ಅದೇ ಕೆಲಸವನ್ನು ಮೊಬೈಲಿನ ವಿಡಿಯೋ ಸಭೆ, ಮಾದರಿ ಹಸು ಅಥವಾ ಅನುಭವಿಯೊಬ್ಬರ ಜೊತೆಗಿನ ಕಲಿಕೆಯಿಂದ ಕಡಿಮೆ ಖರ್ಚಿನಲ್ಲಿ ಮಾಡಬಹುದೇ?

3. ತರಬೇತಿಗೆ ಮುಂಚೆ ಮತ್ತು ನಂತರದ ಫಲಿತಾಂಶವನ್ನು ಅಳೆಯುವವರು ಯಾರು? ಗರ್ಭಧಾರಣೆಯ ತರಬೇತಿಯಾದರೆ, ಪ್ರತಿ ಕಾರ್ಯಕರ್ತರು ಮಾಡಿದ ನೂರು ಗರ್ಭಧಾರಣೆಗಳಲ್ಲಿ ಎಷ್ಟು ಗಬ್ಬ ನಿಂತವು ಎಂಬ ಲೆಕ್ಕವೇ ಅಳತೆಗೋಲು.

4. ಪಾಠ ಕನ್ನಡದಲ್ಲಿದೆಯೇ?

5. ಕಂಪನಿ ಸೇವೆ ನಿಲ್ಲಿಸಿದರೆ ನಮ್ಮ ಪಾಠ, ನಮ್ಮ ದಾಖಲೆ ನಮ್ಮ ಕೈಯಲ್ಲಿ ಉಳಿಯುತ್ತವೆಯೇ?

6. ವಿದ್ಯುತ್ತು, ಇಂಟರ್ನೆಟ್, ರಿಪೇರಿ ಸೇರಿ ವರ್ಷದ ಒಟ್ಟು ಖರ್ಚು ಎಷ್ಟು?

ಇವುಗಳಿಗೆ ನೇರ ಉತ್ತರ ಸಿಕ್ಕರೆ ಸಾಧನವನ್ನು ಸ್ವಾಗತಿಸಿ. ಸಿಗದಿದ್ದರೆ ಒಂದು ವರ್ಷ ಕಾದರೆ ನಷ್ಟವಿಲ್ಲ.

ನೀರಿಗೆ ಇಳಿಯದೆ ಈಜು ಬಾರದು ಎಂಬುದು ನಿಜ. ಹಾಗೆಂದು ಮೊದಲ ದಿನವೇ ಯಾರೂ ಮಗುವನ್ನು ಬಾವಿಗೆ ತಳ್ಳುವುದಿಲ್ಲ, ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಇಳಿಸುತ್ತಾರೆ. ಈ ಹೊಸ ಸಾಧನವನ್ನೂ ಸೋರೆಬುರುಡೆ ಎಂದೇ ತಿಳಿಯಿರಿ. ನಿಮ್ಮ ಪಾಲಿನ ಕೆಲಸವಂತೂ ಯಾವ ಯಂತ್ರಕ್ಕೂ ಕಾಯಬೇಕಿಲ್ಲ. ಬೆಳಿಗ್ಗೆ ಸಂಜೆ ಬೆದೆಯ ಲಕ್ಷಣ ಗಮನಿಸಿ, ಸಂಜೆ ಬೆದೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅಂದೇ ಸಂಜೆ ಗರ್ಭಧಾರಣೆ ಮಾಡಿಸಿ. ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 21ನೆಯ ದಿನ ಅದನ್ನು ತಪ್ಪದೆ ನೋಡಿ.